ಒಂಬತ್ತು ಇಂಚಿನ ಪುಲ್ಲಿ

ಅರಸೀಕೆರೆ, ರೈಲ್ವೆ ಗೇಟಿನ ಹತ್ತಿರ
೧೫ ಅಕ್ಟೋಬರ್ ೨೦೨೫, ಬುಧವಾರ

ಮುದ್ದಿನ ಮೊಮ್ಮಗಳು ಸಿರಿಗೆ, ನಿನ್ನ ತಾತ ಹೊನ್ನಯ್ಯ ನೆನೆಸಿಕೊಂಡು ಬರೆಯುವುದು.

ಹೇಗಿದ್ದೀಯಮ್ಮಾ? ಬೇಲೂರಿನ ಚಳಿಗೆ ನಿನಗೆ ಮೂಗು ಕಟ್ಟುತ್ತದೆ ಅಂತ ನನಗೆ ಗೊತ್ತು. ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲಾ ಫ್ರಿಜ್ಜಿನ ನೀರೇ ಗತಿಯೋ? ನಿನ್ನ ಪ್ರತಿಮಾ ಅತ್ತೆ ಹೋಟೆಲಿನ ಒಲೆ ಮುಂದೆ ನಿಂತರೆ ತನ್ನ ಊಟವನ್ನೇ ಮರೆಯುವವಳು. ಮಗಳು ಅಂತ ನಾನೇ ಬೈದು ಬೈದು ಸಾಕಾಗಿದೆ. ಅವಳ ಜೊತೆ ಸೇರಿ ನೀನೂ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣಬೇಡ. ಇಲ್ಲಿ ನಾನು, ನಿನ್ನ ಗಿಡ್ಡಮ್ಮಜ್ಜಿ ಇಬ್ಬರೂ ಚೆನ್ನಾಗಿದ್ದೇವೆ. ಅಜ್ಜಿಯ ಮಂಡಿ ನೋವು ಹಾಗೇ ಇದೆ, ಆದರೂ ಬೆಳಿಗ್ಗೆ ಎದ್ದು ನಿನ್ನ ಕೋಣೆ ಗುಡಿಸುವುದನ್ನು ಬಿಟ್ಟಿಲ್ಲ. ಇಲ್ಲದವಳ ಕೋಣೆಯಲ್ಲಿ ಅದೆಲ್ಲಿಂದ ಕಸ ಬರುತ್ತದೋ ಕಾಣೆ. ಭಾನುವಾರ ಜಾವಗಲ್ಲಿನಿಂದ ನಿನ್ನ ಅಪ್ಪ ಅಮ್ಮ ಬಂದಿದ್ದರು. ರಾಗಿ ತೆನೆ ಕಟ್ಟಿದೆಯಂತೆ. ನಿನ್ನಪ್ಪ ರಘು ಊಟಕ್ಕೆ ಕೂತವನು, "ಸಿರಿ ಯಾಕಪ್ಪಾ ಯಾರ ಫೋನೂ ತೆಗೀತಿಲ್ಲ? ಏನಾಗೈತೆ ಅವ್ಳಿಗೆ?" ಅಂತ ನನ್ನನ್ನೇ ಕೇಳಿದ. ನಾನು ಸಾರು ಕೇಳುವ ನೆಪ ಮಾಡಿ ಅಡುಗೆಮನೆಗೆ ಎದ್ದು ಹೋದೆ. ತಟ್ಟೆ ತುಂಬಾ ಸಾರಿತ್ತು.

ಫೋನಿನ ಮಾತು ಬಂತಲ್ಲ, ಅದಕ್ಕೇ ಈ ಕಾಗದ. ಏಳು ಸಲ ಮಾಡಿದೆ. ಏಳು ಸಲವೂ ಆ ಹೆಣ್ಣುಮಗಳು, ನೀವು ಕರೆ ಮಾಡಿದ ಚಂದಾದಾರರು ಅಂತ ಶುರು ಹಚ್ಚಿಕೊಂಡಳು. ಅವಳ ಮೇಲೆ ರೇಗಿ ಏನು ಬಂತು. ನಾನು ಕಾಗದ ಬರೆದು ನಲವತ್ತು ವರ್ಷದ ಮೇಲಾಯಿತು. ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದಾಗ ತರಬೇತಿಗೆ ಅಂತ ಹುಬ್ಬಳ್ಳಿಗೆ ಕಳಿಸಿದ್ದರು, ಆಗ ನಿನ್ನ ಅಜ್ಜಿಗೆ ಬರೆದದ್ದೇ ಕೊನೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಬಸ್ ಕಂಡಕ್ಟರ್ ಇಂದುಧರ ಮಧ್ಯಾಹ್ನದ ಬೇಲೂರು ಬಸ್ಸಿನಲ್ಲಿ ಡ್ಯೂಟಿ ಮೇಲಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ಅಜ್ಜಿ ಒಂದು ಚೀಲ ಕಟ್ಟುತ್ತಿದ್ದಾಳೆ. ಚಕ್ಕುಲಿ, ನಿನ್ನ ಸ್ವೆಟರು, ಇನ್ನೂ ಏನೇನೋ.

ನಿನ್ನೆ ನಿಮ್ಮ ಕಾಲೇಜಿನಿಂದ ಮೇಷ್ಟ್ರು ಫೋನ್ ಮಾಡಿದ್ದರು. ನವೆಂಬರ್ ಹತ್ತನೇ ತಾರೀಕು ಪ್ರಾಜೆಕ್ಟ್ ಪರೀಕ್ಷೆಯಂತೆ. ಮೆಷಿನ್ನು, ಲೆಕ್ಕದ ಪುಸ್ತಕ, ನೀನು, ಮೂರೂ ಎದುರಿಗಿರಬೇಕಂತೆ. ಇಲ್ಲದಿದ್ದರೆ ಒಂದು ವರ್ಷ ಹೋಯಿತು ಅಂದರು. ಆಮೇಲೆ, "ಡಿಪ್ಲೊಮಾನೇ ಬಿಡ್ತೀನಿ, ನನ್ನ ಲೆಕ್ಕ ನಂಬೋ ಹಂಗಿಲ್ಲ ಅಂತ ಮೆಸೇಜ್ ಹಾಕಿದ್ದಾಳೆ, ನಿಮಗೆ ಗೊತ್ತಾ ಯಜಮಾನ್ರೇ?" ಅಂದರು. ಗೊತ್ತು ಅಂದುಬಿಟ್ಟೆ. ಗೊತ್ತಿರಲಿಲ್ಲ. ಫೋನಿಟ್ಟ ಮೇಲೆ ನನ್ನ ವರ್ಕ್‌ಶಾಪಿನ ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ, ಅಜ್ಜಿ ಬಂದು ಕಾಫಿ ಆರಿಹೋಯಿತು ಅಂತ ಗದರಿದಳು.

ನೀನು ಈ ಕಾಯಿ ಸುಲಿಯುವ ಮೆಷಿನ್ನಿಗೆ ಕೈ ಹಾಕಿದ ದಿನ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಬಾಣಾವರದಲ್ಲಿ ಲಕ್ಕಮ್ಮ ತೆಂಗಿನಕಾಯಿ ಸುಲಿಯುವುದನ್ನು ನೋಡಿ ಬಂದಿದ್ದೆ. ಗಂಡಾಳುಗಳ ಸಮಕ್ಕೆ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಮಟ್ಟೆ ಬಿಡಿಸುವ ಹೆಂಗಸು ಈ ಸುತ್ತಿನಲ್ಲಿ ಅವಳೊಬ್ಬಳೇ. ಈಗ ಬಲ ಭುಜ ಮೇಲಕ್ಕೇಳುವುದಿಲ್ಲ. ತಲೆ ಬಾಚಿಕೊಳ್ಳಲು ಪಕ್ಕದ ಮನೆಯವರನ್ನು ಕರೆಯಬೇಕು ಅಂತ ಹೇಳಿ ಅವಳು ನಕ್ಕಳಂತೆ, ನೀನು ಮನೆಗೆ ಬಂದು ಅದನ್ನು ಹೇಳುತ್ತಾ ಕಣ್ಣೀರಿಟ್ಟೆ. "ಅಂಗಡೀಲಿ ಸಿಗೋ ಮೆಷಿನ್ನು ಹಸಿ ಕಾಯಿಗೆ ಸರಿ ತಾತ. ಅಟ್ಟದಲ್ಲಿ ವರ್ಷ ಒಣಗಿದ ಕಾಯಿಗೆ ಹಾಕಿದ್ರೆ ಒಳಗಿನ ಕೊಬ್ಬರಿ ಒಡೆದೋಗತ್ತೆ. ನಾನು ನಿಧಾನದ ಮೆಷಿನ್ ಮಾಡ್ತೀನಿ" ಅಂದೆ. ನಾನು ನಗೆಯಾಡಿದೆ. ಎಲ್ಲರೂ ಜೋರಾಗಿ ಓಡುವುದನ್ನು ಮಾಡಿದರೆ ಇವಳು ನಿಧಾನದ್ದನ್ನು ಮಾಡುತ್ತಾಳಂತೆ ಅಂತ ಅಜ್ಜಿಗೆ ಹೇಳಿ ಆಡಿಕೊಂಡೆ. ಆದರೆ ನಮ್ಮ ಕಡೆ ಉಂಡೆ ಕೊಬ್ಬರಿ ಉಂಡೆಯಾಗಿ ಬಂದರೇ ಬೆಲೆ, ಒಡೆದದ್ದು ಎಣ್ಣೆಗೆ ಹೋಗುತ್ತದೆ. ನೀನು ಹಿಡಿದದ್ದು ಸರಿಯಾದ ಜಾಗವನ್ನೇ.

ಆಮೇಲೆ ನೀನು ಮಾಡಿದ ಕೆಲಸ ನೋಡಿ ನನಗೆ ಒಳಗೊಳಗೇ ಹೆಮ್ಮೆ. ಬಾಯಲ್ಲಿ ಹೇಳಲಿಲ್ಲ, ಹೇಳಿದರೆ ತಲೆಗೇರುತ್ತದೆ ಅಂತ. ಮೋಟಾರನ್ನೇ ಜೋಡಿಸದೆ ಮೊದಲು ಎರಡು ಮುಳ್ಳಿನ ರೋಲರಿಗೆ ಒಂದು ಹಿಡಿಕೆ ಹಾಕಿ ಕೈಯಲ್ಲಿ ತಿರುಗಿಸಿದೆ. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಗಡಿಯಾರ. ನಿಮಿಷಕ್ಕೆ ನಲವತ್ತು ಸುತ್ತು ದಾಟಿದರೆ ಚಿಪ್ಪಿಗೆ ಏಟು ಬಿದ್ದು ಒಳಗೆ ಕೊಬ್ಬರಿ ಬಿರುಕು. ಮೂವತ್ತೈದರೊಳಗೆ ಇದ್ದರೆ ಕ್ಷೇಮ. ಇಪ್ಪತ್ತಕ್ಕೆ ಇಳಿಸಿದರೆ ಲಕ್ಕಮ್ಮನೇ ಬೇಗ ಸುಲಿಯುತ್ತಾಳೆ. ಮೂವತ್ತು ಅಂತ ಗೆರೆ ಎಳೆದೆ. ಮೋಟಾರು ತಿರುಗುವುದು ನಿಮಿಷಕ್ಕೆ ಸಾವಿರದ ನಾನೂರ ನಲವತ್ತು. ಅದನ್ನು ಮೂವತ್ತಕ್ಕೆ ತರಬೇಕೆಂದರೆ ನಲವತ್ತೆಂಟು ಪಾಲು ಇಳಿಸಬೇಕು. ಒಂದೇ ಜೋಡಿ ಗೇರಿನಲ್ಲಿ ಇಳಿಸಿಬಿಡು ಅಂದೆ ನಾನು, ನಿನ್ನನ್ನು ಕೆಣಕಲು. ನೀನು ಪೆನ್ಸಿಲ್ ಹಿಡಿದು, "ದೊಡ್ಡ ಗೇರು ಎತ್ತಿನಗಾಡಿ ಚಕ್ರದಷ್ಟು ಆಗತ್ತೆ ತಾತ, ಲಕ್ಕಮ್ಮನ ಮನೆ ಬಾಗಿಲಲ್ಲೇ ತೂರಲ್ಲ" ಅಂದೆ. ಬೆಲ್ಟಿನಲ್ಲಿ ಮೂರು ಪಾಲು ಇಳಿಸುವುದು, ಮೋಟಾರಿಗೆ ಮೂರಿಂಚಿನ ಪುಲ್ಲಿ, ಗೇರ್‌ಬಾಕ್ಸಿನ ಶಾಫ್ಟಿಗೆ ಒಂಬತ್ತು ಇಂಚಿನದು. ಅಲ್ಲಿಗೆ ನಾನೂರ ಎಂಬತ್ತು ಸುತ್ತು. ಉಳಿದ ಹದಿನಾರು ಪಾಲನ್ನು ಎರಡು ಜೋಡಿ ಗೇರಿಗೆ ನಾಲ್ಕು ನಾಲ್ಕರಂತೆ ಹಂಚಿದೆ. ಬಸ್ಸು ದಿಬ್ಬ ಹತ್ತುವಾಗ ಡ್ರೈವರು ಗೇರು ಇಳಿಸುವ ಹಾಗೆ, ಸುತ್ತು ಕಡಿಮೆಯಾದಷ್ಟೂ ರೋಲರಿಗೆ ಹಿಡಿತ ಜಾಸ್ತಿ, ಒರಟು ಮಟ್ಟೆ ಸಿಕ್ಕಿದರೂ ನಿಲ್ಲುವುದಿಲ್ಲ ಅಂತ ನನಗೇ ಪಾಠ ಹೇಳಿದೆ. ಐವತ್ತು ವರ್ಷ ಕಬ್ಬಿಣದ ಜೊತೆ ಹೆಣಗಿದ ಮುದುಕ ಬಾಯಿ ಮುಚ್ಚಿಕೊಂಡು ಕೇಳಿದೆ.

ಒಂದೇ ಒಂದು ಕಡೆ ನನ್ನ ಮಾತು ನಡೆಯಿತು, ನೆನಪಿದೆಯಾ? ಚಿಕ್ಕ ಗೇರಿಗೆ ಹದಿನೇಳು ಹಲ್ಲು ಅಂತ ನೀನೇ ಆರಿಸಿದ್ದೆ. ಅದಕ್ಕಿಂತ ಕಡಿಮೆ ಮಾಡಿದರೆ ಕಡಿಯುವಾಗಲೇ ಹಲ್ಲಿನ ಬುಡ ತೆಳ್ಳಗಾಗುತ್ತದೆ. ಅಲ್ಲಿಯವರೆಗೆ ಸರಿ. ದೊಡ್ಡದಕ್ಕೆ ಸರಿಯಾಗಿ ನಾಲ್ಕರಷ್ಟು, ಅರವತ್ತೆಂಟು ಅಂತ ಬರೆದೆ. ನಾನು ಅರವತ್ತೇಳು ಮಾಡು ಅಂದೆ. ಸರಿಯಾಗಿ ಭಾಗವಾದರೆ ಚಿಕ್ಕ ಗೇರಿನ ಒಂದು ಹಲ್ಲಿಗೆ ದೊಡ್ಡದರ ಅವೇ ನಾಲ್ಕು ಹಲ್ಲು ಜೀವಮಾನವೆಲ್ಲ ಸಿಗುತ್ತವೆ. ಒಂದರಲ್ಲಿ ಚೂರು ದೋಷವಿದ್ದರೆ ಅವನ್ನೇ ತಿಂದು ಹಾಕುತ್ತದೆ. ಒಂದು ಹಲ್ಲು ಕಡಿಮೆ ಮಾಡಿದರೆ ಎಲ್ಲವೂ ಎಲ್ಲದಕ್ಕೂ ಸರದಿಯಲ್ಲಿ ಸಿಕ್ಕಿ ಸವೆತ ಹಂಚಿಹೋಗುತ್ತದೆ. ಶೆಡ್ಡಿನಲ್ಲಿ ಕಲಿತದ್ದು ಇದು. ನೀನು ಮೂತಿ ಉಬ್ಬಿಸಿಕೊಂಡು ಮತ್ತೆ ಲೆಕ್ಕ ಹಾಕಿದೆ. "ಮೂವತ್ತೊಂದು ಸುತ್ತಿನ ಹತ್ತಿರ ಆಯ್ತು, ಹೋಗ್ಲಿ, ಮೂವತ್ತೈದರ ಒಳಗೇ ಐತೆ" ಅಂದೆ. ಕಾಲೇಜಿಗೆ ಹೋಗಿ ನಯವಾದ ಭಾಷೆ ಕಲಿತವಳ ಬಾಯಲ್ಲಿ ಸಿಟ್ಟು ಬಂದಾಗ ಮಾತ್ರ ನಮ್ಮ 'ಐತೆ' ಬರುತ್ತದೆ. ಗೇರು ಕಡಿಸಲು ಇಬ್ಬರೂ ರೈಲು ಹತ್ತಿ ತುಮಕೂರಿಗೆ ಹೋಗಿ ಬಂದೆವು, ಬರುವಾಗ ನೀನು ಆ ಗೇರುಗಳನ್ನು ಕೂಸಿನ ಹಾಗೆ ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಇನ್ನು ಆಯುಧಪೂಜೆ. ಪುಲ್ಲಿ, ಬೆಲ್ಟು ಹಾಕುವುದೊಂದು ಬಿಟ್ಟು ಮೆಷಿನ್ನು ಪೂರ್ತಿಯಾದದ್ದೇ ಹಿಂದಿನ ದಿನ. ಷಡಕ್ಷರಪ್ಪನವರು ವಿಜಯದಶಮಿ ಬೆಳಿಗ್ಗೆ ತಮ್ಮ ಕೊಬ್ಬರಿ ಮಂಡಿಯ ಅಂಗಳದಲ್ಲೇ ತೋರಿಸಿ, ಕಾಯಿ ನಾವೇ ಕೊಡುತ್ತೇವೆ ಅಂದಿದ್ದರು. ನೀನು ಪೂಜೆಯ ದಿನವೇ ಒಂದು ಸಲ ಓಡಿಸಿ ನೋಡೋಣ ಅಂತ ಗೋಗರೆದೆ. ಕುಂಕುಮ ಇಟ್ಟು ಹೂ ಮುಡಿಸಿದ ಮೆಷಿನ್ನು ಮಾರನೆ ದಿನದವರೆಗೂ ತಿರುಗುವ ಹಾಗಿಲ್ಲ ಅಂತ ನಾನು ಗದರಿಸಿದೆ. ನಮ್ಮ ವರ್ಕ್‌ಶಾಪಿನಲ್ಲಿ ಆ ದಿನ ಕಬ್ಬಿಣ ಕಡೆಯುವ ಲೇತು ತಿರುಗಿದ್ದೇ ಇಲ್ಲ, ಸುತ್ತಿಗೆ ಕೂಡ ಮುಟ್ಟುವುದಿಲ್ಲ. ನೀನು ಲಕ್ಕಮ್ಮನನ್ನು ಮಾರನೆ ದಿನಕ್ಕೆ ಕರೆಯಲು ಬಾಣಾವರಕ್ಕೆ ಹೋದೆ.

ಮಂಡಿಯಲ್ಲಿ ನಡೆದದ್ದನ್ನು ನಾನು ಬರೆಯಬೇಕಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಅಲ್ಲಿ ಕೆಟ್ಟದ್ದು ಮಾತ್ರ ನಡೆಯಲಿಲ್ಲ. ಮಟ್ಟೆ ಸರಸರನೆ ಬಿಟ್ಟುಕೊಂಡು ಬಂದಾಗ ಅಷ್ಟು ಜನ ಚಪ್ಪಾಳೆ ತಟ್ಟಿದರಲ್ಲ, ನೀನು ನನ್ನ ಕಡೆ ತಿರುಗಿ ನೋಡಿದೆಯಲ್ಲ. ಆಮೇಲೆ ಲಕ್ಕಮ್ಮ ಕತ್ತಿ ಹಿಡಿದು ಕೂತು ಒಂದೊಂದೇ ಚಿಪ್ಪು ಬಿಡಿಸಿದಳು. ಮೊದಲನೆಯದು ಹೋಳು. ಎರಡನೆಯದೂ ಹೋಳು. ನಲವತ್ತು ಕಾಯಲ್ಲಿ ಇಪ್ಪತ್ತೊಂಬತ್ತು ಒಡೆದಿದ್ದವು. ನಡುವೆ ಎರಡು ಸಲ ಮಟ್ಟೆ ಸಿಕ್ಕಿಕೊಂಡು ರೋಲರು ನಿಂತೇಹೋಗಿತ್ತು. ಷಡಕ್ಷರಪ್ಪನವರು ಕೆಟ್ಟವರಲ್ಲ, ನಿನ್ನ ತಲೆ ಸವರಿಯೇ ಹೇಳಿದರು: "ಬೇಜಾರು ಮಾಡ್ಕೋಬೇಡ ಮಗಾ. ಪುಸ್ತಕದ ಲೆಕ್ಕ ಪುಸ್ತಕಕ್ಕೆ ಸರಿ ಕಣಮ್ಮಾ, ಕೊಬ್ಬರಿ ಲೆಕ್ಕಾನೇ ಬೇರೆ." ಹಿಂದೆ ನಿಂತವರು ನಕ್ಕರು. ಲಕ್ಕಮ್ಮ ನಗಲಿಲ್ಲ. ನೀನು ನನ್ನ ಹತ್ತಿರ ಬಂದು, "ಎಲ್ಲಿ ತಪ್ಪಿದೆ ತಾತ?" ಅಂದೆ. ನಾನು, ಕಾಯಿ ಅತಿಯಾಗಿ ಒಣಗಿರಬೇಕು ಅಂದೆ. ನೀನು ಲೆಕ್ಕದ ಪುಸ್ತಕವನ್ನು ಮಟ್ಟೆ ರಾಶಿಯ ಮೇಲೆ ಎಸೆದು ಹೋದೆ, ಮಾರನೆ ದಿನ ಬೇಲೂರಿನ ಬಸ್ಸು ಹತ್ತಿದೆ.

ಆ ಪುಸ್ತಕ ನಮ್ಮ ಮನೆಯಲ್ಲಿದೆ. ಲಕ್ಕಮ್ಮ ಮಟ್ಟೆಯ ಧೂಳು ಕೊಡವಿ ತಂದುಕೊಟ್ಟಳು. ಅವಳಿಗೆ ಓದಲು ಬರುವುದಿಲ್ಲ, ಆದರೂ ಪುಟ ಮಡಚದ ಹಾಗೆ ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. ಅವಳೀಗ ಭುಜಕ್ಕೆ ಬಟ್ಟೆ ಬಿಗಿದುಕೊಂಡು ಮತ್ತೆ ಅದೇ ಮೊನೆಯ ಮುಂದೆ ನಿಲ್ಲುತ್ತಿದ್ದಾಳೆ. ನೀನು ಹೇಗಿದ್ದೀಯ ಅಂತ ಬಂದಾಗಲೆಲ್ಲ ಕೇಳುತ್ತಾಳೆ. ನಾನು ಚೆನ್ನಾಗಿದ್ದಾಳೆ ಅನ್ನುತ್ತೇನೆ.

ಸೋಮವಾರ ದೀಪಾವಳಿ ಶುರು. ಬಂದುಬಿಡು. ಹೋಟೆಲಿನಲ್ಲಿ ಇಡ್ಲಿ ತಟ್ಟೆ ತೊಳೆಯುವುದು ಕೀಳು ಕೆಲಸ ಅಂತ ನಾನು ಹೇಳುವುದಿಲ್ಲ, ನಿನ್ನತ್ತೆ ಅದರಲ್ಲೇ ಮನೆ ಕಟ್ಟಿದಳು. ಆದರೆ ನಿನ್ನ ಕೈ ಬೇರೆ ಕೆಲಸದ ಕೈ. ಯಾರೋ ನಕ್ಕರು ಅಂತ ಬಿಟ್ಟುಕೊಡಬೇಡ ಕಣಮ್ಮಾ. ಅಜ್ಜಿ ನಿನಗೆ ನೂರು ಮುತ್ತು ಕಳಿಸಿದ್ದಾಳೆ, ಪ್ರತಿಮಾಗೆ ನನ್ನ ಆಶೀರ್ವಾದ ತಿಳಿಸು, ಅವಳ ಮನೆಯವರಿಗೆ ನಮಸ್ಕಾರ. ನೀನು ನೂರು ಕಾಲ ಚೆನ್ನಾಗಿ ಬಾಳು, ಹಿಡಿದ ಕೆಲಸದಲ್ಲಿ ದೇವರು ನಿನ್ನ ಕೈ ಹಿಡಿಯಲಿ ಅಂತ ಹರಸುವ

ನಿನ್ನ ತಾತ
ಹೊನ್ನಯ್ಯ

ವಿ. ಸೂ.: ಇಂದುಧರ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾನೆ. ಸಹಿ ಹಾಕಿ ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಮೇಲೆ ಇಷ್ಟುದ್ದ ಬರೆದೆನಲ್ಲ, ಬರೆಯಬೇಕಾದದ್ದನ್ನು ಬರೆದಿಲ್ಲ. ಸಿರಿ, ನಿನ್ನ ಲೆಕ್ಕ ತಪ್ಪಿರಲಿಲ್ಲ. ಮಂಡಿಯಲ್ಲಿ ಓಡಿದ ಮೆಷಿನ್ನಿಗೆ ಒಂಬತ್ತು ಇಂಚಿನ ಪುಲ್ಲಿ ಇರಲಿಲ್ಲ.

ಪೂಜೆಗೆ ಎರಡು ದಿನ ಮುಂಚೆ, ಸೋಮವಾರವೇ ನೀನು ಕೇಳಿದ್ದೆ, ಆ ಪುಲ್ಲಿ ಶಾಫ್ಟಿಗೆ ಕೂರಿಸಿ ನೋಡಿದ್ದೀಯಾ ತಾತ ಅಂತ. ನೋಡಿದ್ದೇನೆ ಅಂದಿದ್ದೆ. ನೋಡಿರಲಿಲ್ಲ. ಪೂಜೆ ಮುಗಿಸಿ ಊಟವಾದ ಮೇಲೆ ಕೂರಿಸಲು ಹೋದರೆ ಅದರ ತೂತು ಶಾಫ್ಟಿಗಿಂತ ಒಂದು ಮಿಲಿಮೀಟರು ಸಣ್ಣದು. ಲೇತಿಗೆ ಹಾಕಿದ್ದರೆ ಅರ್ಧ ಗಂಟೆ ಕೆಲಸ. ಲೇತಿಗೆ ಹೂ ಮುಡಿಸಿಯಾಗಿತ್ತು, ಮನಸ್ಸು ಒಪ್ಪಲಿಲ್ಲ. ಮೂಲೆಯಲ್ಲಿದ್ದ ಆರಿಂಚಿನ ಹಳೇ ಪುಲ್ಲಿ ಸರಿಯಾಗಿ ಕೂತಿತು. ಪೂಜೆಗಿಟ್ಟ ಸ್ಪಾನರು ಮುಟ್ಟಬಾರದು ಅಂತ ಸ್ಕೂಟರಿನ ಸೀಟಿನ ಕೆಳಗಿದ್ದ ಅಲೆನ್ ಕೀಯಲ್ಲಿ ಬಿಗಿದೆ. ಮೋಟಾರು ಹಿಂದಕ್ಕೆ ಸರಿಸಿ ಬೆಲ್ಟು ಎಳೆದೆ, ಮೇಲೆ ನಿನ್ನ ತಗಡಿನ ಮುಚ್ಚಳ ಹಾಕಿದೆ. ನೋಡು, ಎಂಥ ನೇಮಸ್ಥ ನಾನು. ಒಂದು ದಿನದ ಮಟ್ಟಿಗೆ ಏನಾಗುತ್ತದೆ, ಕೊಂಚ ಜೋರಾಗಿ ಓಡಿದರೆ ಷಡಕ್ಷರಪ್ಪನವರಿಗೂ ಖುಷಿಯಾಗುತ್ತದೆ ಅಂದುಕೊಂಡೆ. ಬೆಲ್ಟಿನಲ್ಲಿ ಮೂರು ಪಾಲು ಇಳಿಯಬೇಕಾದಲ್ಲಿ ಎರಡೇ ಪಾಲು ಇಳಿದು, ಮೂವತ್ತೊಂದರ ಜಾಗದಲ್ಲಿ ನಲವತ್ತಾರು ಸುತ್ತು ಓಡಿತು. ಎಲ್ಲಿ ತಪ್ಪಿದೆ ಅಂತ ನೀನು ಕೇಳಿದಾಗ ಅಷ್ಟು ಜನರ ಮುಂದೆ ತಪ್ಪನ್ನು ಕಾಯಿಯ ಮೇಲೆ ಹಾಕಿಬಿಟ್ಟೆ. ಆಮೇಲೆ ದಿನ ಕಳೆದಷ್ಟೂ ಕಷ್ಟವಾಯಿತು. ಎಪ್ಪತ್ತೈದು ವರ್ಷದ ಮುದುಕ ಇಪ್ಪತ್ತರ ಹುಡುಗಿಯ ಮೇಲೆ ತಪ್ಪು ಹೊರಿಸಿ ಹದಿಮೂರು ದಿನ ಉಂಡು ಮಲಗಿದೆ. ಬೈಯಬೇಕು ಅನ್ನಿಸಿದರೆ ಬೈಯಿ, ಆದರೆ ಫೋನ್ ತೆಗೆದು ಬೈಯಿ.

ಮೊನ್ನೆ ಒಂಬತ್ತು ಇಂಚಿನದರ ತೂತು ದೊಡ್ಡದು ಮಾಡಿ ಹಾಕಿ ಓಡಿಸಿದೆ. ಗಡಿಯಾರ ಹಿಡಿದು ಎಣಿಸಿದೆ, ಮೂವತ್ತೊಂದು. ಅಂದು ಮಂಡಿಗೆ ಬಂದಿದ್ದ ಅದೇ ಅಟ್ಟದ ಕಾಯಿ ನಲವತ್ತು ಹಾಕಿದೆ, ಒಂದು ಸಲವೂ ನಿಲ್ಲಲಿಲ್ಲ. ಲಕ್ಕಮ್ಮ ಚಿಪ್ಪು ಬಿಡಿಸಿದಳು. ಮೂವತ್ತೆಂಟು ಉಂಡೆ ಇಡಿಯಾಗಿ ಬಂದವು. ಅವಳು ಒಂದನ್ನು ಕೈಯಲ್ಲಿ ಹಿಡಿದುಕೊಂಡು, "ಈ ಮಾತ ಮಗೀಗೆ ಹೇಳಿದ್ರಾ ಹೊನ್ನಯ್ಯನೋರೇ?" ಅಂದಳು. ನಾಳೆ ಹೇಳ್ತೀನಿ ಕಣವ್ವಾ ಅಂದೆ. ಎರಡು ನಾಳೆ ಆಗಿಹೋದವು.

ಷಡಕ್ಷರಪ್ಪನವರ ಮಂಡಿಯಲ್ಲಿ, ನಕ್ಕವರೆಲ್ಲ ಇರುವಾಗ, ಇದನ್ನು ನಾನೇ ಬಾಯಿಬಿಟ್ಟು ಹೇಳುತ್ತೇನೆ. ಆಗ ನೀನು ಪಕ್ಕದಲ್ಲಿರಬೇಕು. ತಾತ ನಿನ್ನ ಸಮಾಧಾನಕ್ಕೆ ಕಥೆ ಕಟ್ಟುತ್ತಿದ್ದಾನೆ ಅಂತ ಅನುಮಾನ ಬಂದರೆ, ಚೀಲದ ತಳದಲ್ಲಿ ಸ್ವೆಟರಿನೊಳಗೆ ಸುತ್ತಿ ಆ ಹಳೇ ಪುಲ್ಲಿಯನ್ನೂ ಇಟ್ಟಿದ್ದೇನೆ, ಪಕ್ಕದಲ್ಲೇ ನಿನ್ನ ಲೆಕ್ಕದ ಪುಸ್ತಕವೂ ಇದೆ. ನನ್ನ ಮಾತು ನಂಬಬೇಡ. ಸ್ಕೇಲು ತಗೊಂಡು ಅಳೆದು ನೋಡು.